ನೆಲದೊಳಗಿನ ಅರ್ಧ

ಮರವನ್ನು ನೋಡುವವರ ಕಣ್ಣು ಮೊದಲು ಹೋಗುವುದು ಅದರ ತುದಿಗೆ. ಎಷ್ಟು ಎತ್ತರ, ಎಷ್ಟು ಹರಹು, ಎಷ್ಟು ಹೂವು ಎಂದು ಲೆಕ್ಕ ಹಾಕುವವರುಂಟು. ಬೇರು ಎಷ್ಟು ದೂರ ಹೋಗಿದೆಯೆಂದು ಕೇಳುವವರು ವಿರಳ. ಬಿರುಗಾಳಿ ಬೀಸಿ ಮರ ಉರುಳಿದ ದಿನ ಮಾತ್ರ ಊರಿನವರೆಲ್ಲ ನೆರೆದು ಬೇರನ್ನು ನೋಡುತ್ತಾರೆ.

ರೇಡಿಯೋ ಕಂಬಗಳ ಗತಿಯೂ ಇದಕ್ಕಿಂತ ಬೇರೆಯಲ್ಲ. ಜಗತ್ತಿನ ಬಹುತೇಕ ದೇಶಗಳಲ್ಲಿ ಹವ್ಯಾಸಿ ರೇಡಿಯೋಗಾರರೆಂಬ ಒಂದು ಪಂಗಡವುಂಟು. ಇವರು ಸಂಬಳಕ್ಕಾಗಲಿ ವ್ಯಾಪಾರಕ್ಕಾಗಲಿ ಈ ಕೆಲಸಕ್ಕೆ ಕೈಹಚ್ಚಿದವರಲ್ಲ. ಸರ್ಕಾರದ ಪರೀಕ್ಷೆಗೆ ಕುಳಿತು, ಪರವಾನಗಿ ಪಡೆದು, ಮನೆಯ ಮೂಲೆಯಲ್ಲಿ ಪ್ರೇಷಕ ಯಂತ್ರವನ್ನಿರಿಸಿಕೊಂಡು, ಸಾವಿರಾರು ಮೈಲಿ ದೂರದ ಅಪರಿಚಿತರೊಡನೆ ಮಾತನಾಡುವುದೇ ಇವರ ಆನಂದ. ಇಂಥವನ ಮನೆಯ ಮೇಲೆ ತಲೆಯೆತ್ತಿರುವ ಏರಿಯಲ್ಲನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಅಡಿ ಎತ್ತರ?’ ಹೊಸದಾಗಿ ಈ ಹವ್ಯಾಸಕ್ಕೆ ಬಂದವನ ಚಿಂತೆಯೂ ಅದೇ. ಆದರೆ ಬಲ್ಲ ಹವ್ಯಾಸಿ ಬೇರೊಬ್ಬ ಹವ್ಯಾಸಿಯ ಅಂಗಳಕ್ಕೆ ಬಂದಾಗ ಮೇಲೆ ನೋಡುವ ಮುನ್ನ ಕಂಬದ ಬುಡವನ್ನು ನೋಡುತ್ತಾನೆ. ನೆಟ್ಟಗೆ ನಿಂತ ಏರಿಯಲ್ಲಿನ ಅರ್ಧಭಾಗ ಆಕಾಶದಲ್ಲಿದೆ, ಇನ್ನರ್ಧ ನೆಲದಲ್ಲಿದೆ. ಆ ಎರಡನೆಯ ಅರ್ಧವನ್ನು ಅಲಕ್ಷ್ಯಮಾಡಿದವರು ತೆತ್ತ ಬೆಲೆಯ ಕಥೆಯೂ, ಗೌರವಿಸಿದವರು ಪಡೆದ ಜಯದ ಕಥೆಯೂ ತಿಳಿಯತಕ್ಕವು.

ಮೊದಲನೆಯ ಕಥೆ ಇಂಗ್ಲೆಂಡಿನ ನೈಋತ್ಯದ ಕೊನೆಯಲ್ಲಿ, ಕಾರ್ನ್‌ವಾಲ್ ಪ್ರಾಂತದ ಪೋಲ್ಡು ಎಂಬ ಕಡಲ ಬಂಡೆಯ ಮೇಲೆ ನಡೆಯಿತು. ೧೯೦೧ರಲ್ಲಿ ಮಾರ್ಕೋನಿ ಅಲ್ಲಿ ಅಟ್ಲಾಂಟಿಕ್ ಸಾಗರವನ್ನು ನಿಸ್ತಂತುವಾಗಿ ದಾಟುವ ಸನ್ನಾಹದಲ್ಲಿದ್ದನು. ತಲಾ ೨೦೦ ಅಡಿ ಎತ್ತರದ ೨೦ ಕಂಬಗಳು ವರ್ತುಲಾಕಾರವಾಗಿ ನಿಂತವು. ಅವುಗಳ ತುದಿಯಿಂದ ತಂತಿಗಳು ಮಧ್ಯಕ್ಕೆ ಇಳಿದು ಬಂದಾಗ, ತಲೆಕೆಳಗಾದ ಒಂದು ಬೃಹತ್ ಗೋಪುರದಂತೆ ಕಂಡಿತು. ಕಣ್ಣಿಗೆ ಅದೊಂದು ಹಬ್ಬ. ಆದರೆ ಅದರಲ್ಲಿ ಒಂದು ದೋಷವಿದ್ದಿತು. ಕಂಬಗಳ ತಲೆಗಳನ್ನು ಪರಸ್ಪರ ಕಟ್ಟಲಾಗಿತ್ತು. ಒಂದೊಂದು ಕಂಬವೂ ತನ್ನ ಬಲದಿಂದಲೇ ನಾಲ್ಕು ದಿಕ್ಕಿನ ಗಾಳಿಯನ್ನು ತಡೆದು ನಿಲ್ಲುವಂತೆ ನೆಲಕ್ಕೆ ಬಿಗಿದಿರಲಿಲ್ಲ. ಮಾರ್ಕೋನಿಯ ಇಂಜಿನಿಯರುಗಳಲ್ಲೊಬ್ಬನಾದ ವಿವಿಯನ್ ಎಂಬಾತನು ಈ ದೋಷವನ್ನು ಕಂಡಿದ್ದನು. ಒಂದು ಕಂಬ ಬಿದ್ದರೆ ಎಲ್ಲವೂ ಬೀಳುತ್ತವೆಂಬುದು ಅವನ ಅಂಜಿಕೆ. ೧೯೦೧ರ ಸೆಪ್ಟೆಂಬರಿನ ಬಿರುಗಾಳಿಯಲ್ಲಿ ಹಾಗೆಯೇ ಆಯಿತು. ಒಂದನ್ನೊಂದು ನಂಬಿ ನಿಂತಿದ್ದ ಇಪ್ಪತ್ತೂ ಕಂಬಗಳು ಒಂದರ ಮೇಲೊಂದು ಉರುಳಿದವು. ಅದೇ ಮಾದರಿಯಲ್ಲಿ ಅಮೆರಿಕದ ಕೇಪ್ ಕಾಡ್‌ನಲ್ಲಿ ನಿಲ್ಲಿಸಿದ್ದ ಕಂಬಗಳಿಗೂ ನವೆಂಬರಿನಲ್ಲಿ ಅದೇ ಗತಿ ಒದಗಿತು.

ಮಾರ್ಕೋನಿ ಎದೆಗುಂದಲಿಲ್ಲ. ಪೋಲ್ಡುವಿನಲ್ಲಿ ಎರಡೇ ಗಿಡ್ಡ ಕಂಬಗಳ ನಡುವೆ ಬೀಸಣಿಗೆಯಾಕಾರದಲ್ಲಿ ತಂತಿಗಳನ್ನು ಕಟ್ಟಿಸಿ, ತಾನು ನ್ಯೂಫೌಂಡ್‌ಲೆಂಡಿಗೆ ಹೋಗಿ, ಗಾಳಿಪಟದಿಂದ ಒಂದು ತಂತಿಯನ್ನು ಮೇಲೆತ್ತಿ, ೧೯೦೧ರ ಡಿಸೆಂಬರ್ ೧೨ರಂದು ಮೂರು ಚುಕ್ಕೆಗಳ ಸಂಕೇತವು ತನಗೆ ಕೇಳಿಸಿತೆಂದು ಸಾರಿದನು. ಆ ದಿನಾಂಕವನ್ನು ವಾಚಕರು ನೆನಪಿನಲ್ಲಿಡಬೇಕು. ಅದರೊಡನೆ ಇನ್ನೊಮ್ಮೆ ಭೇಟಿಯಾಗಬೇಕಾಗಿದೆ. ಇಪ್ಪತ್ತು ಕಂಬಗಳು ಕಲಿಸಿದ ಪಾಠವಂತೂ ಸರಳವಾದದ್ದು. ಎತ್ತರಕ್ಕೆ ನಿಂತದ್ದೆಲ್ಲವೂ ಕಡೆಗೆ ನೆಲವನ್ನೇ ಹಿಡಿದುಕೊಂಡು ನಿಲ್ಲಬೇಕು. ಇಂದಿನ ಹವ್ಯಾಸಿ ತನ್ನ ಕಂಬಕ್ಕೆ ಮೂರು ಅಥವಾ ನಾಲ್ಕು ದಿಕ್ಕುಗಳಿಂದ ಬಿಗಿತಂತಿಗಳನ್ನು ಕಟ್ಟಿ, ಕಾಂಕ್ರೀಟಿನಲ್ಲಿ ಹೂತ ಗೂಟಗಳಿಗೆ ಬಿಗಿಯುವಾಗ ಪೋಲ್ಡುವಿನ ಪಾಠವನ್ನೇ ಪಾಲಿಸುತ್ತಿರುತ್ತಾನೆ.

ಇದು ಬಲದ ಮಾತಾಯಿತು. ವಿದ್ಯುತ್ತಿನ ಮಾತು ಇದಕ್ಕಿಂತ ಸೂಕ್ಷ್ಮವಾದದ್ದು.

ಒಂದು ಕೈಯಿಂದ ಚಪ್ಪಾಳೆಯಾಗದು. ಏರಿಯಲ್ಲಿಗೂ ಎರಡು ಕೈ ಬೇಕು. ೧೮೮೦ರ ದಶಕದ ಕೊನೆಯಲ್ಲಿ ಜರ್ಮನಿಯ ಹರ್ಟ್ಸ್ ಪ್ರಥಮವಾಗಿ ರೇಡಿಯೋ ತರಂಗಗಳನ್ನು ಹುಟ್ಟಿಸಿದಾಗ ಅವನ ಉಪಕರಣಕ್ಕೆ ಎರಡು ತೋಳುಗಳಿದ್ದವು. ವಿದ್ಯುತ್ತು ಒಂದು ತೋಳಿನಿಂದ ಇನ್ನೊಂದಕ್ಕೆ ಉಯ್ಯಾಲೆಯಂತೆ ತೂಗುತ್ತಿದ್ದಿತು. ಆ ತೂಗಾಟದಿಂದ ತರಂಗ ಹೊರಡುತ್ತಿದ್ದಿತು. ಮಾರ್ಕೋನಿ ೧೮೯೫ರಲ್ಲಿ ಒಂದು ಜಾಣತನ ತೋರಿದನು. ಒಂದು ತೋಳನ್ನು ಆಕಾಶಕ್ಕೆ ಎತ್ತಿ, ಇನ್ನೊಂದನ್ನು ಲೋಹದ ಫಲಕವಾಗಿಸಿ ಮಣ್ಣಿನಲ್ಲಿ ಹೂತನು. ಭೂಮಿಯೇ ಎರಡನೆಯ ಕೈಯಾಯಿತು. ತರಂಗಗಳು ಹೋಗುವ ದೂರ ಒಮ್ಮೆಗೇ ಬೆಳೆಯಿತು.

ಆದರೆ ಭೂಮಿ ಎಂಥ ಕೈ? ತಾಮ್ರದಂತೆ ಉದಾರವಾದ ಕೈಯಲ್ಲ, ಜಿಪುಣನ ಕೈ. ಕಂಬದಿಂದ ಸುತ್ತಲಿನ ನೆಲಕ್ಕೆ ಹರಡಿದ ವಿದ್ಯುತ್ಪ್ರವಾಹವು ಮಣ್ಣಿನ ಮೂಲಕವೇ ಬುಡಕ್ಕೆ ಮರಳಬೇಕು. ಜಾತ್ರೆ ಮುಗಿದ ಮೇಲೆ ಒಂದೇ ಬಾಗಿಲಿಗೆ ನುಗ್ಗುವ ಜನರಂತೆ ಎಲ್ಲ ದಿಕ್ಕುಗಳಿಂದಲೂ ಬರುವ ಪ್ರವಾಹವು ಬುಡದ ಬಳಿ ದಟ್ಟವಾಗುತ್ತದೆ. ಒಣಮಣ್ಣು, ಮರಳು, ಕಲ್ಲು ಅದಕ್ಕೆ ಅಡ್ಡಿಮಾಡುತ್ತವೆ. ಅಡ್ಡಿಯಾದಲ್ಲೆಲ್ಲ ಶಕ್ತಿಯು ಬಿಸಿಯಾಗಿ ವ್ಯಯವಾಗುತ್ತದೆ.

ಲೆಕ್ಕ ಹೀಗಿದೆ. ತರಂಗದ ಉದ್ದದ ನಾಲ್ಕನೆಯ ಒಂದು ಭಾಗದಷ್ಟು ಎತ್ತರದ ಕಂಬವು, ದೋಷವಿಲ್ಲದ ನೆಲದ ಮೇಲೆ ನಿಂತರೆ, ಯಂತ್ರಕ್ಕೆ ಸುಮಾರು ೩೬ ಓಮ್ ರೋಧದಂತೆ ತೋರುತ್ತದೆ. ಇದು ಸತ್ಫಲದ ರೋಧ. ಇದರಲ್ಲಿ ವಿನಿಯೋಗವಾದ ಶಕ್ತಿಯೆಲ್ಲ ತರಂಗವಾಗಿ ಹೊರಡುತ್ತದೆ. ನೆಲದ ರೋಧವೂ ೩೬ ಓಮ್ ಇದ್ದರೆ, ಯಂತ್ರ ಕೊಟ್ಟ ೧೦೦ ವಾಟ್‌ಗಳಲ್ಲಿ ೫೦ ಮಾತ್ರ ಆಕಾಶಕ್ಕೆ ಹೋಗುತ್ತದೆ. ಉಳಿದ ೫೦ ಎರೆಹುಳುಗಳಿಗೆ ಬೆಚ್ಚನೆಯ ಹಾಸಿಗೆಯಾಗುತ್ತದೆ. ಕಂಬ ಗಿಡ್ಡದಾದಷ್ಟೂ ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ. ತರಂಗದ ಎಂಟನೆಯ ಒಂದು ಭಾಗದಷ್ಟು ಎತ್ತರದ ಕಂಬದ ಸತ್ಫಲದ ರೋಧ ಏಳು ಓಮ್‌ನಷ್ಟು ಮಾತ್ರ. ಅದರ ಕೆಳಗಿನ ನೆಲ ೨೦ ಓಮ್ ತಿಂದರೆ ಶಕ್ತಿಯ ಮುಕ್ಕಾಲು ಪಾಲು ಮಣ್ಣುಪಾಲು. ಎತ್ತರದ ಕಂಬ ನಿಲ್ಲಿಸಲು ಸ್ಥಳವಾಗಲಿ ಹಣವಾಗಲಿ ಇಲ್ಲದ ಬಡ ಹವ್ಯಾಸಿಗೇ ನೆಲದ ಆರೈಕೆ ಹೆಚ್ಚು ಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ಇದಕ್ಕೆ ಮದ್ದೇನು? ಕಂಬದ ಬುಡದಿಂದ ಸುತ್ತಲೂ, ಬಂಡಿಯ ಗಾಲಿಯ ಅರಗಳಂತೆ, ತಂತಿಗಳನ್ನು ಹರಡುವುದು. ಹವ್ಯಾಸಿಗಳು ಇವನ್ನು ರೇಡಿಯಲ್ಲುಗಳೆಂದು ಕರೆಯುತ್ತಾರೆ. ಕನ್ನಡದಲ್ಲಿ ಅರತಂತಿಗಳೆಂದರೆ ಅರ್ಥಕ್ಕೆ ಲೋಪವಿಲ್ಲ. ಮಣ್ಣಿನಲ್ಲಿ ತಡವರಿಸುವ ಪ್ರವಾಹಕ್ಕೆ ಇವು ರಾಜಮಾರ್ಗಗಳು. ಈ ಅರತಂತಿಗಳ ಬೆಲೆ ಲೋಕಕ್ಕೆ ತಿಳಿಯುವಂತಾದ ಪ್ರಸಂಗವೊಂದು ಹವ್ಯಾಸಿಗಳ ಮಾನಾಪಮಾನಕ್ಕೇ ಸಂಬಂಧಿಸಿದ್ದಿತು.

೧೯೧೨ರಲ್ಲಿ ಅಮೆರಿಕ ಸರ್ಕಾರವು ಒಂದು ಕಾಯಿದೆ ಮಾಡಿ, ಹವ್ಯಾಸಿಗಳನ್ನು ೨೦೦ ಮೀಟರು ಮತ್ತು ಅದಕ್ಕಿಂತ ಚಿಕ್ಕ ತರಂಗಗಳಿಗೆ ಅಟ್ಟಿತು. ದೂರ ಹೋಗಲು ಉದ್ದವಾದ ತರಂಗಗಳೇ ಬೇಕೆಂದು ಅಂದಿನ ಪಂಡಿತರ ಅಭಿಪ್ರಾಯ. ಚಿಕ್ಕ ತರಂಗಗಳು ಯಾರಿಗೂ ಬೇಡದ ಬಂಜರು ಭೂಮಿಯಂತೆ; ‘ಮಕ್ಕಳು ಅಲ್ಲಿ ಆಡಿಕೊಳ್ಳಲಿ’ ಎಂಬ ಧೋರಣೆ. ಆದರೆ ಆ ಬಂಜರಿನಲ್ಲಿಯೇ ಬೆಳೆ ತೆಗೆಯುವ ಛಲ ಹವ್ಯಾಸಿಗಳದು. ೧೯೨೧ರ ಫೆಬ್ರವರಿಯಲ್ಲಿ ಅಮೆರಿಕದ ಹವ್ಯಾಸಿಗಳು ರಾತ್ರಿಯೆಲ್ಲ ಸಂಕೇತ ಕಳುಹಿಸಿದರು. ಬ್ರಿಟನ್ನಿನ ಹವ್ಯಾಸಿಗಳು ಕಿವಿಗೊಟ್ಟು ಕುಳಿತರು. ಏನೂ ಕೇಳಿಸಲಿಲ್ಲ. ಪಂಡಿತರ ಮಾತೇ ನಿಜವಾಯಿತೆಂದು ನಗುವವರು ನಕ್ಕರು.

ಅಮೆರಿಕದ ಹವ್ಯಾಸಿಗಳ ಸಂಘವು ಸುಮ್ಮನಿರಲಿಲ್ಲ. ಗ್ರಾಹಕಯಂತ್ರಗಳ ರಚನೆಯಲ್ಲಿ ನಿಷ್ಣಾತನಾದ ಪಾಲ್ ಗಾಡ್ಲೆ ಎಂಬಾತನನ್ನೇ ಆರಿಸಿ, ಯಂತ್ರಗಳ ಸಮೇತ ಬ್ರಿಟನ್ನಿಗೆ ಕಳುಹಿಸಿತು. ೧೯೨೧ರ ನವೆಂಬರಿನಲ್ಲಿ ಅವನು ಅಕ್ವಿಟೇನಿಯ ಹಡಗನ್ನೇರಿದನು. ಲಂಡನ್ನಿನ ಬಳಿ ಗದ್ದಲ ಹೆಚ್ಚೆಂದು ಕಂಡು, ಸ್ಕಾಟ್‌ಲೆಂಡಿನ ಪಶ್ಚಿಮ ತೀರದ ಆರ್‌ಡ್ರಾಸನ್ ಎಂಬ ಬಂದರಿಗೆ ಹೋದನು. ಊರ ಹೊರಗಿನ ಬಯಲಿನಲ್ಲಿ ಒಂದು ಡೇರೆ. ಸುತ್ತಲೂ ಕಡಲ ಗಾಳಿ, ಮಳೆ, ಚಳಿ. ಡೇರೆಯೊಳಗೆ ದೀಪದ ಬೆಳಕಿನಲ್ಲಿ, ಕಿವಿಗೆ ಫೋನು ಕಟ್ಟಿಕೊಂಡು, ನಡುರಾತ್ರಿಯಿಂದ ಬೆಳಗಿನವರೆಗೆ ಅವನು ಕುಳಿತನು.

ಸಾಗರದ ಆಚೆ, ಕನೆಕ್ಟಿಕಟ್ ರಾಜ್ಯದ ಗ್ರೀನಿಚ್ ಎಂಬಲ್ಲಿ, ಅಮೆರಿಕದ ರೇಡಿಯೋ ಕ್ಲಬ್ಬಿನ ಆರು ಮಂದಿ ಹವ್ಯಾಸಿಗಳು ಒಂದು ಕೇಂದ್ರವನ್ನು ಕಟ್ಟಿದ್ದರು. ಏಮಿ, ಆರ್ಮ್‌ಸ್ಟ್ರಾಂಗ್, ಬರ್ಗ್‌ಹಾರ್ಡ್, ಕ್ರಾಂಕೈಟ್, ಗ್ರಿನಾನ್, ಇನ್‌ಮನ್ ಎಂದು ಅವರ ಹೆಸರು. ಇವರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಮುಂದೆ ರೇಡಿಯೋ ವಿಜ್ಞಾನದಲ್ಲಿ ಬಲು ದೊಡ್ಡ ಹೆಸರಾದನು. ಕೇಂದ್ರದ ಸಂಕೇತನಾಮ ೧ ಬಿಸಿಜಿ. ಅದರ ಶಕ್ತಿ ಒಂದು ಕಿಲೋವಾಟಿಗೂ ಸ್ವಲ್ಪ ಕಡಿಮೆ. ತರಂಗದ ಉದ್ದ ೨೩೦ ಮೀಟರಿನ ಆಸುಪಾಸು. ಹೆಚ್ಚಿನ ಶಕ್ತಿಯನ್ನು ಕಾಯಿದೆ ಒಪ್ಪುವಂತಿರಲಿಲ್ಲ. ಆದ್ದರಿಂದ ಇದ್ದ ಶಕ್ತಿಯಲ್ಲಿ ಒಂದು ಹನಿಯೂ ಮಣ್ಣುಪಾಲಾಗದಂತೆ ನೋಡಿಕೊಳ್ಳುವುದೇ ಅವರಿಗಿದ್ದ ದಾರಿ.

ಅವರ ಏರಿಯಲ್ಲು ಪಂಜರದಂತೆ ಹೆಣೆದ ತಂತಿಗಳದು. ನೋಡುವವರಿಗೆ ಕಾಣುತ್ತಿದ್ದುದು ಅದು. ಆದರೆ ಅದರ ಕೆಳಗೆ, ಕೇಂದ್ರದಿಂದ ಎಲ್ಲ ದಿಕ್ಕುಗಳಿಗೂ, ತಲಾ ೬೦ ಅಡಿಯಷ್ಟು ಉದ್ದದ ೩೦ರಷ್ಟು ಅರತಂತಿಗಳನ್ನು ಅವರು ಎಳೆದಿದ್ದರು. ಮಣ್ಣಿನಲ್ಲಿ ಹೂಳದೆ, ಮಣ್ಣಿಗೆ ತಾಗದಂತೆ ನೆಲದಿಂದ ಮೇಲಕ್ಕೆ ಎತ್ತಿ ಕಟ್ಟಿದ್ದರು. ಇಂಥ ಜಾಲಕ್ಕೆ ಕೌಂಟರ್‌ಪಾಯ್ಸ್ ಎಂದು ಹೆಸರು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟ ಪ್ರತಿತೂಕವೆಂದು ಅರ್ಥ. ಮೇಲಿನ ತಂತಿಗೆ ಎಷ್ಟು ಮರ್ಯಾದೆಯೋ ಕೆಳಗಿನ ತಂತಿಗೂ ಅಷ್ಟೇ ಮರ್ಯಾದೆ.

ಡಿಸೆಂಬರಿನ ಎರಡನೆಯ ವಾರದಲ್ಲಿ ಗಾಡ್ಲೆಯ ಕಿವಿಗೆ ಅಮೆರಿಕದ ಸಂಕೇತಗಳು ಒಂದೊಂದಾಗಿ ಬೀಳತೊಡಗಿದವು. ಒಟ್ಟು ಇಪ್ಪತ್ತಕ್ಕೂ ಹೆಚ್ಚು ಕೇಂದ್ರಗಳನ್ನು ಅವನು ಗುರುತಿಸಿದನು. ಅವುಗಳಲ್ಲಿ ೧ ಬಿಸಿಜಿಯ ಧ್ವನಿ ಸ್ಥಿರವಾಗಿಯೂ ಶುದ್ಧವಾಗಿಯೂ ಬರುತ್ತಿದ್ದಿತು. ಗ್ರೀನಿಚ್ಚಿನಲ್ಲಿ ಡಿಸೆಂಬರ್ ೧೧ರ ರಾತ್ರಿ. ಆರ್‌ಡ್ರಾಸನ್ನಿನಲ್ಲಿ ಆಗಲೇ ೧೨ರ ಬೆಳಗಿನ ಜಾವ. ಆರು ಗೆಳೆಯರು ಗಾಡ್ಲೆಗೆ ಒಂದು ಪುಟ್ಟ ಸಂದೇಶವನ್ನು ಕಳುಹಿಸಿದರು. ಹೃತ್ಪೂರ್ವಕ ಅಭಿನಂದನೆ, ಕೆಳಗೆ ಆರು ಹೆಸರು, ಅಷ್ಟೇ. ಒಂದಕ್ಷರವೂ ತಪ್ಪದೆ ಅದು ಡೇರೆಯೊಳಗಿನ ಕಾಗದದ ಮೇಲೆ ಇಳಿಯಿತು. ಚಿಕ್ಕ ತರಂಗಗಳ ಮೇಲೆ ಅಟ್ಲಾಂಟಿಕನ್ನು ದಾಟಿದ ಮೊದಲ ಪೂರ್ಣ ಸಂದೇಶ ಅದು. ಮಾರ್ಕೋನಿ ಗಾಳಿಪಟದ ತಂತಿಯಲ್ಲಿ ಮೂರು ಚುಕ್ಕೆಗಳನ್ನು ಕೇಳಿದೆನೆಂದು ಸಾರಿದ ದಿನಕ್ಕೆ ಅಂದು ಸರಿಯಾಗಿ ಇಪ್ಪತ್ತು ವರ್ಷ ತುಂಬಿದ್ದಿತು. ಬಂಜರು ಭೂಮಿಯಲ್ಲಿ ಬೆಳೆ ಬಂದಿತು. ೧೯೨೩ರ ನವೆಂಬರಿನಲ್ಲಿ, ಇನ್ನೂ ಚಿಕ್ಕದಾದ ೧೧೦ ಮೀಟರಿನ ಸುಮಾರಿನ ತರಂಗದಲ್ಲಿ, ಅಮೆರಿಕದ ಹವ್ಯಾಸಿ ಷ್ನೆಲ್ ಮತ್ತು ಫ್ರಾನ್ಸಿನ ನೀಸ್ ನಗರದ ಹವ್ಯಾಸಿ ಡೆಲಾಯ್ ಸಾಗರದ ಎರಡು ದಡಗಳಿಂದ ಪರಸ್ಪರ ಮಾತನಾಡಿದರು.

ಈ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಗ್ರೀನಿಚ್ಚಿನವರು ಮಣ್ಣನ್ನು ಶತ್ರುವೆಂದು ತಿಳಿದು ಅದನ್ನು ದೂರವಿಟ್ಟರು. ಆರ್‌ಡ್ರಾಸನ್ನಿನಲ್ಲಿ ಗಾಡ್ಲೆ ಅದೇ ಮಣ್ಣನ್ನು ಮಿತ್ರನನ್ನಾಗಿ ಮಾಡಿಕೊಂಡನು. ಅವನದು ಎತ್ತರದ ಕಂಬವೇ ಅಲ್ಲ. ಹನ್ನೆರಡು ಅಡಿಯ ಗಳುಗಳ ಮೇಲೆ ಅಮೆರಿಕದ ದಿಕ್ಕಿಗೆ ನೂರಾರು ಗಜ ಉದ್ದಕ್ಕೆ ಎಳೆದ ಒಂಟಿ ತಂತಿ. ಅದರ ದೂರದ ತುದಿಯನ್ನು ಒಂದು ರೋಧದ ಮೂಲಕ ಭೂಮಿಗೆ ಸೇರಿಸಲಾಗಿತ್ತು. ಹೆರಾಲ್ಡ್ ಬೆವರೇಜ್ ಎಂಬ ಅಮೆರಿಕದ ಇಂಜಿನಿಯರನ ಆವಿಷ್ಕಾರವಿದು. ನೆಲಕ್ಕೆ ಅಷ್ಟು ಹತ್ತಿರದ ತಂತಿಗೆ ತರಂಗ ಸಿಕ್ಕುವುದಾದರೂ ಹೇಗೆ? ಕೆಸರುಗದ್ದೆಯಲ್ಲಿ ನಡೆಯುವವನ ಕಾಲು ಹಿಂದುಳಿದು ಮೈ ಮುಂದಕ್ಕೆ ಬಾಗುವಂತೆ, ಜಿಪುಣ ನೆಲದ ಮೇಲೆ ಸಾಗುವ ತರಂಗದ ಬುಡವೂ ತುಸು ಹಿಂದುಳಿಯುತ್ತದೆ. ತರಂಗವು ಮುಂದಕ್ಕೆ ಬಾಗುತ್ತದೆ. ಆ ಬಾಗಿನಿಂದಲೇ ಮಲಗಿದ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ನೆಲವು ತಾಮ್ರದ ತಗಡಿನಂತೆ ದೋಷರಹಿತವಾಗಿದ್ದರೆ ಈ ತಂತಿ ಕಿವುಡಾಗುತ್ತಿದ್ದಿತು. ಕಳುಹಿಸುವವನಿಗೆ ಕಳ್ಳನಾದ ಮಣ್ಣೇ ಕೇಳುವವನಿಗೆ ನೆರವಾಯಿತು. ನೆಲದ ಗುಣವನ್ನು ಅರಿತು ನಡೆದವರಿಗೆ ಎರಡು ದಡಗಳಲ್ಲಿಯೂ ಗೆಲುವಾಯಿತು.

ಗೆಲುವು ಬೇರೆ, ಗಣಿತ ಬೇರೆ. ಎಷ್ಟು ಅರತಂತಿ ಬೇಕು, ಎಷ್ಟು ಉದ್ದ ಬೇಕು ಎಂಬ ಪ್ರಶ್ನೆಗೆ ಆ ಕಾಲದಲ್ಲಿ ಖಚಿತವಾದ ಉತ್ತರವಿರಲಿಲ್ಲ. ಆ ಉತ್ತರವನ್ನು ಅಕ್ಷರಶಃ ಉತ್ತು ತೆಗೆದವರು ಅಮೆರಿಕದ ಆರ್‌ಸಿಎ ಸಂಸ್ಥೆಯ ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಎಂಬ ಮೂವರು ಇಂಜಿನಿಯರುಗಳು. ನೇಗಿಲಿನಿಂದ ಸಾಲು ತೆಗೆದು, ಆರಂಗುಲ ಆಳದಲ್ಲಿ ತಂತಿಗಳನ್ನು ಹೂತು, ಒಂದೊಂದು ಸಲವೂ ಕಂಬದಿಂದ ಹೊರಡುವ ತರಂಗದ ಬಲವನ್ನು ಅವರು ಅಳೆದರು. ಮೊದಲು ೨ ತಂತಿ, ಬಳಿಕ ೧೫, ೩೦, ೬೦, ಕೊನೆಗೆ ೧೧೩. ಉದ್ದ ೪೫ ಅಡಿಯಿಂದ ೧೩೫ ಅಡಿಯವರೆಗೆ. ೧೯೩೭ರಲ್ಲಿ ಪ್ರಕಟವಾದ ಅವರ ಲೇಖನ ಇಂದಿಗೂ ಈ ವಿದ್ಯೆಯ ಮೂಲಗ್ರಂಥದಂತಿದೆ.

ಅವರು ಕಂಡ ಸತ್ಯಗಳಲ್ಲಿ ಎರಡು ಮುಖ್ಯವಾದವು. ನೂರಕ್ಕೂ ಹೆಚ್ಚು ಉದ್ದನೆಯ ತಂತಿಗಳಿದ್ದಲ್ಲಿ ಯಾವ ಸಾಧಾರಣ ನೆಲವೂ ಆದರ್ಶ ನೆಲಕ್ಕೆ ಸರಿಸಮನಾಗುತ್ತದೆ. ಇದು ಮೊದಲನೆಯದು. ತಂತಿಗಳ ಸಂಖ್ಯೆ ಕಡಿಮೆಯಿದ್ದಾಗ ಅವುಗಳ ಉದ್ದವನ್ನು ಹೆಚ್ಚಿಸಿ ಫಲವಿಲ್ಲ. ಪ್ರವಾಹವು ತಂತಿಯನ್ನು ನಡುದಾರಿಯಲ್ಲಿಯೇ ಬಿಟ್ಟು ಮಣ್ಣಿಗೆ ಇಳಿದುಬಿಡುತ್ತದೆ. ಇದು ಎರಡನೆಯದು. ಇದರಿಂದ ಪ್ರಸಾರಕೇಂದ್ರಗಳಿಗೆ ೧೨೦ ಅರತಂತಿಗಳ ಪದ್ಧತಿ ಬಂದಿತು. ವೃತ್ತದ ೩೬೦ ಅಂಶಗಳನ್ನು ೧೨೦ರಿಂದ ಭಾಗಿಸಿದರೆ ಮೂರು ಅಂಶಗಳಿಗೊಂದು ತಂತಿ. ಮಧ್ಯಮ ತರಂಗದ ಪ್ರಸಾರಗೋಪುರವೊಂದು ಬಯಲಿನ ನಡುವೆ ಒಂಟಿಯಾಗಿ ನಿಂತಂತೆ ಕಂಡರೂ, ಆ ಬಯಲಿನ ಹುಲ್ಲಿನಡಿಯಲ್ಲಿ ಮೈಲಿಗಟ್ಟಲೆ ತಾಮ್ರ ಮಲಗಿರುತ್ತದೆ.

ಪ್ರಸಾರಕೇಂದ್ರಗಳಿಗೆ ಸಾಧ್ಯವಾದದ್ದು ಮನೆಯಂಗಳದ ಹವ್ಯಾಸಿಗೆ ಸಾಧ್ಯವೇ? ಆತನು ಹತಾಶನಾಗಬೇಕಾಗಿಲ್ಲ. ೭ ಮೆಗಾಹರ್ಟ್ಸ್ ಹವ್ಯಾಸಿಗಳಿಗೆ ಪ್ರಿಯವಾದ ಪಟ್ಟಿ. ಅಲ್ಲಿ ತರಂಗದ ಉದ್ದ ಸುಮಾರು ೪೨ ಮೀಟರು, ಕಾಲುಭಾಗದ ಕಂಬ ಹತ್ತು ಮೀಟರಿಗೆ ತುಸು ಹೆಚ್ಚು. ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಲೆಕ್ಕದಂತೆ, ತಲಾ ೪ ಮೀಟರಿನ ೧೬ ತಂತಿಗಳನ್ನು ಹರಡಿದರೆ ಆದರ್ಶ ನೆಲದ ಅರ್ಧದಷ್ಟು ಫಲ ದೊರೆಯುತ್ತದೆ. ಇದಕ್ಕೆ ಬೇಕಾದ ತಂತಿ ೬೪ ಮೀಟರು ಮಾತ್ರ. ತಲಾ ೮ ಮೀಟರಿಗೆ ಸ್ವಲ್ಪ ಹೆಚ್ಚಿನ ೬೦ ತಂತಿಗಳಾದರೆ ನೂರಕ್ಕೆ ಸುಮಾರು ಎಂಬತ್ತರಷ್ಟು ಫಲ. ತಂತಿ ೫೦೦ ಮೀಟರು. ಪೂರ್ಣಫಲ ಬೇಕೆಂಬವನು ತಲಾ ೧೭ ಮೀಟರಿನ ೧೨೦ ತಂತಿಗಳನ್ನು, ಎಂದರೆ ೨,೦೦೦ ಮೀಟರಿನಷ್ಟನ್ನು, ಹೂಳಬೇಕು. ಮೂವತ್ತು ಪಟ್ಟು ತಂತಿಗೆ ಎರಡು ಪಟ್ಟು ಫಲ! ಮೊದಲ ಹದಿನಾರು ತಂತಿಗಳ ಉಪಕಾರ ದೊಡ್ಡದು. ಕೊನೆಯ ಹದಿನಾರರ ಉಪಕಾರ ಅಲ್ಪ. ಕೈಯಲ್ಲಿರುವ ತಂತಿ ಇಷ್ಟೇ ಎಂದಾದರೆ, ಅದನ್ನು ನಾಲ್ಕು ಉದ್ದ ತಂತಿಗಳಾಗಿ ಎಳೆಯುವುದಕ್ಕಿಂತ ಹದಿನಾರು ಗಿಡ್ಡ ತಂತಿಗಳಾಗಿ ಕತ್ತರಿಸುವುದು ಜಾಣತನ.

ತಂತಿಯ ಮೇಲೆ ಹೊದಿಕೆ ಇರಲಿ, ಇಲ್ಲದಿರಲಿ, ಪರಿಣಾಮ ಹೆಚ್ಚು ಕಡಿಮೆ ಒಂದೇ. ಆಳವಾಗಿ ಹೂಳಬೇಕಾಗಿಯೂ ಇಲ್ಲ. ಹುಲ್ಲಿನ ಮೇಲೆ ಎಳೆದು, ಬಾಗಿಸಿದ ತಂತಿಯ ಮೊಳೆಗಳಿಂದ ಅಲ್ಲಲ್ಲಿ ನೆಲಕ್ಕೆ ಒತ್ತಿಬಿಟ್ಟರೆ ಒಂದೆರಡು ಮಳೆಗಳಲ್ಲಿ ಹುಲ್ಲೇ ಅದನ್ನು ಮುಚ್ಚಿಕೊಳ್ಳುತ್ತದೆ. ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ಬಿಡಬೇಕು. ಕಬ್ಬಿಣದ ಸರಳೊಂದನ್ನು ಆಳಕ್ಕೆ ಹೊಡೆದು, ‘ಭೂಸಂಪರ್ಕ ಮುಗಿಯಿತು’ ಎನ್ನುವವರುಂಟು. ಆ ಸರಳು ಸಿಡಿಲಿಗೆ ಬೇಕು, ಮನೆಯ ವಿದ್ಯುತ್ತಿನ ರಕ್ಷಣೆಗೆ ಬೇಕು. ರೇಡಿಯೋ ಪ್ರವಾಹಕ್ಕೆ ಅದೊಂದೇ ಸಾಲದು. ರೇಡಿಯೋ ಪ್ರವಾಹವು ಆಳಕ್ಕೆ ಇಳಿಯುವುದಕ್ಕಿಂತ ಅಗಲಕ್ಕೆ ಹರಡುವ ಸ್ವಭಾವದ್ದು.

ತಾರಸಿಯ ಮನೆಯವನಿಗೆ ಅಂಗಳವೇ ಇಲ್ಲದಿದ್ದರೆ? ಆತನಿಗೆ ಗ್ರೀನಿಚ್ಚಿನವರ ದಾರಿಯುಂಟು. ನೆಲದಿಂದ ಮೇಲೆತ್ತಿದ, ತರಂಗದ ಕಾಲುಭಾಗದಷ್ಟು ಉದ್ದದ ನಾಲ್ಕೇ ತಂತಿಗಳು ಹೂತಿಟ್ಟ ಹತ್ತಾರು ತಂತಿಗಳ ಕೆಲಸ ಮಾಡುತ್ತವೆ. ಬುಡದಲ್ಲಿ ನಾಲ್ಕು ಕಡ್ಡಿಗಳನ್ನು ಚಾಚಿದ ಪುಟ್ಟ ಏರಿಯಲ್ಲನ್ನು ರಚಿಸಿದವನೂ ಮೇಲೆ ಹೇಳಿದ ಬ್ರೌನನೇ. ಎರಡು ಕಡ್ಡಿಗಳೇ ಸಾಕೆಂದು ಅವನ ಪ್ರಯೋಗ ತೋರಿಸಿದ್ದಿತು. ಆದರೆ ಎರಡೇ ಕಡ್ಡಿಗಳ ಏರಿಯಲ್ಲು ಎಲ್ಲ ದಿಕ್ಕಿಗೂ ಸಮವಾಗಿ ಧ್ವನಿ ಕಳುಹಿಸುತ್ತದೆಂದು ಕೊಳ್ಳುವವರು ನಂಬಲಾರರೆಂದು ಮಾರಾಟದವರ ಹಟ. ಅದರಿಂದ ಕಡ್ಡಿಗಳು ನಾಲ್ಕಾದವು. ವಿಜ್ಞಾನವೂ ಒಮ್ಮೊಮ್ಮೆ ಕಣ್ಣಿನ ಸಮಾಧಾನಕ್ಕೆ ತಲೆಬಾಗಬೇಕಾಗುತ್ತದೆ.

ಅರತಂತಿಗಳನ್ನು ಹಾಕದೆಯೇ ಬಿಟ್ಟರೆ ಏನಾಗುತ್ತದೆಂಬುದು ಕೇಬಲ್ಲಿನ ಕಥೆ. ಯಂತ್ರದಿಂದ ಏರಿಯಲ್ಲಿಗೆ ಶಕ್ತಿಯನ್ನೊಯ್ಯುವ ಕೋಯಾಕ್ಸಿಯಲ್ ಕೇಬಲ್ಲಿನಲ್ಲಿ ಒಳಗೊಂದು ತಂತಿ, ಸುತ್ತಲೂ ಲೋಹದ ಹೆಣಿಗೆಯ ಕವಚ. ಕಣ್ಣಿಗೆ ಎರಡೇ ವಾಹಕಗಳು. ವಾಸ್ತವದಲ್ಲಿ ಮೂರು, ಕವಚದ ಒಳಮೈ ಒಂದು, ಹೊರಮೈ ಇನ್ನೊಂದು. ಏರಿಯಲ್ಲಿಗೆ ಎರಡನೆಯ ಕೈ ಇಲ್ಲದಾಗ ಪ್ರವಾಹವು ಕವಚದ ಹೊರಮೈಯನ್ನೇ ಕೈಯಾಗಿ ಹಿಡಿದುಕೊಂಡು ಕೇಬಲ್ಲಿನ ಗುಂಟ ಮನೆಯೊಳಕ್ಕೆ ಬರುತ್ತದೆ. ಧ್ವನಿವರ್ಧಕವನ್ನು ಮುಟ್ಟಿದ ತುಟಿಗೆ ಚುರುಕೆನ್ನುತ್ತದೆ. ಪಕ್ಕದ ಮನೆಯ ದೂರದರ್ಶನದಲ್ಲಿ ಗೆರೆಗಳೇಳುತ್ತವೆ. ನೆರೆಹೊರೆಯ ಸ್ನೇಹ ಕೆಡುತ್ತದೆ. ಹವ್ಯಾಸಿ ಯಂತ್ರವನ್ನು ಬಿಚ್ಚಿ ನೋಡುತ್ತಾನೆ, ದೋಷ ಕಾಣುವುದಿಲ್ಲ. ದೋಷವಿರುವುದು ಅಂಗಳದಲ್ಲಿ. ಅರತಂತಿಗಳನ್ನು ಹರಡಿ, ಏರಿಯಲ್ಲಿನ ಬುಡದಲ್ಲಿ ಕೇಬಲ್ಲನ್ನು ಕೆಲವು ಸುತ್ತು ಸುರುಳಿ ಸುತ್ತಿದರೆ, ಅಥವಾ ಫೆರೈಟ್ ಉಂಗುರಗಳನ್ನು ತೊಡಿಸಿದರೆ, ಹಾದಿ ತಪ್ಪಿದ ಪ್ರವಾಹ ಹಾದಿಗೆ ಬರುತ್ತದೆ.

ಗೋಪುರದ ಮೇಲಕ್ಕೆ ಹೋಗುವ ಕೇಬಲ್ಲಿಗೂ ತನ್ನದೇ ಆದ ಶಿಸ್ತು ಬೇಕು. ಅದರ ಭಾರವೆಲ್ಲ ತುದಿಯ ಜೋಡಣೆಯ ಮೇಲೆ ತೂಗಬಾರದು. ಕೆಲವು ಅಡಿಗಳಿಗೊಮ್ಮೆ ಗೋಪುರದ ಕಾಲಿಗೆ ಕಟ್ಟಬೇಕು. ಜೋಡಣೆಯಲ್ಲಿ ಒಂದು ಹನಿ ನೀರು ಹೊಕ್ಕರೆ ಕವಚದ ಹೆಣಿಗೆಯ ಮೂಲಕ ಗಜಗಟ್ಟಲೆ ಹೀರಿಕೊಂಡು ಹೋಗಿ, ತಾಮ್ರವನ್ನು ಕಪ್ಪಾಗಿಸಿ, ಕೇಬಲ್ಲನ್ನೇ ಕೆಡಿಸುತ್ತದೆ. ಆದ್ದರಿಂದ ಜೋಡಣೆಗಳನ್ನು ರಬ್ಬರಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಗೋಡೆಯನ್ನು ಹೊಗುವ ಮುನ್ನ ಕೇಬಲ್ಲು ಒಮ್ಮೆ ಕೆಳಗೆ ಬಳುಕಿ ಮೇಲೇರಬೇಕು. ಮಳೆಯ ನೀರು ಆ ಬಳುಕಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ತೆಳುವಾದ ಕೇಬಲ್ಲಿನ ಅಗ್ಗದ ಬೆಲೆಗೆ ಮರುಳಾಗ ಬಾರದು. ೧೪೫ ಮೆಗಾಹರ್ಟ್ಸ್‌ನಂಥ ಎತ್ತರದ ಪಟ್ಟಿಯಲ್ಲಿ ಆರ್‌ಜಿ-೫೮ ಎಂಬ ತೆಳು ಕೇಬಲ್ಲನ್ನು ೧೦೦ ಅಡಿ ಎಳೆದರೆ ಶಕ್ತಿಯ ಮುಕ್ಕಾಲು ಪಾಲಿನಷ್ಟು ದಾರಿಯಲ್ಲಿಯೇ ಕರಗುತ್ತದೆ. ಎತ್ತರಕ್ಕೆ ಕಟ್ಟಿದ ಗೋಪುರದ ಲಾಭವನ್ನು ಕೇಬಲ್ಲೇ ನುಂಗಿದಂತಾಯಿತು.

ಇವೆಲ್ಲ ಹಣದ ನಷ್ಟ, ಧ್ವನಿಯ ನಷ್ಟ. ಪ್ರಾಣದ ನಷ್ಟಕ್ಕೆ ಕಾರಣವಾಗುವವು ಎರಡು. ಒಂದು ಸಿಡಿಲು, ಇನ್ನೊಂದು ಬೀದಿಯ ವಿದ್ಯುತ್ ತಂತಿ. ಸಿಡಿಲು ಗೋಪುರಕ್ಕೆ ಬಡಿದಾಗ ಅದಕ್ಕೆ ನೆಲದಲ್ಲಿ ಹರಡಲು ವಿಶಾಲವಾದ ಹಾದಿ ಬೇಕು. ಗೋಪುರದ ಕಾಲುಗಳ ಬಳಿ ಹೊಡೆದ ಸರಳುಗಳು, ಅವುಗಳಿಗೆ ಸೇರಿದ ಅರತಂತಿಗಳು ಆ ಹಾದಿಯನ್ನು ಒದಗಿಸುತ್ತವೆ. ಕೇಬಲ್ಲಿನ ಕವಚವನ್ನು ಗೋಪುರದ ತುದಿಯಲ್ಲೊಮ್ಮೆ, ಬುಡದಲ್ಲೊಮ್ಮೆ ಗೋಪುರಕ್ಕೆ ಬೆಸೆಯಬೇಕು. ಮನೆಯನ್ನು ಹೊಗುವೆಡೆಯಲ್ಲಿ ಎಲ್ಲ ಕೇಬಲ್ಲುಗಳೂ ಒಂದೇ ಲೋಹದ ಫಲಕವನ್ನು ಹಾದು ಬರಬೇಕು. ರೇಡಿಯೋದ ಭೂಸಂಪರ್ಕ ಬೇರೆ, ಮನೆಯ ವಿದ್ಯುತ್ತಿನ ಭೂಸಂಪರ್ಕ ಬೇರೆ ಎಂದು ಎರಡು ಬಣಗಳಿರಕೂಡದು. ಎರಡರ ನಡುವೆ ಸಿಡಿಲಿನ ಕ್ಷಣದಲ್ಲಿ ಹುಟ್ಟುವ ಅಂತರವು ಯಂತ್ರದ ಮೂಲಕ, ಕೆಲವೊಮ್ಮೆ ಯಂತ್ರವನ್ನು ಮುಟ್ಟಿದವನ ಮೂಲಕ, ಸಮನಾಗಲು ಹವಣಿಸುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಗುಡುಗು ಕೇಳಿದೊಡನೆ ಯಂತ್ರವನ್ನು ಬಿಟ್ಟೇಳುವುದೇ ವಿವೇಕ.

ಇನ್ನು ಬೀದಿಯ ತಂತಿ. ಕಂಬವನ್ನು ಎತ್ತುವಾಗ ಕೈತಪ್ಪಿ ವಿದ್ಯುತ್ ತಂತಿಯ ಮೇಲೆ ಬಿದ್ದು ಜೀವ ಕಳೆದುಕೊಂಡ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ಯಾವ ದಿಕ್ಕಿಗೆ ಬಿದ್ದರೂ ತಂತಿಯನ್ನು ಮುಟ್ಟದಷ್ಟು ದೂರದಲ್ಲಿ ಕಂಬ ನಿಲ್ಲಬೇಕೆಂಬುದು ಮೊದಲ ನಿಯಮ. ಒಬ್ಬನೇ ಏರಬಾರದು, ನಡುಪಟ್ಟಿಯಿಲ್ಲದೆ ಏರಬಾರದು, ಗಾಳಿಮಳೆಯಲ್ಲಿ ಏರಬಾರದು ಎಂಬುವು ಅದರ ಹಿಂದಿನವು. ಪೋಲ್ಡುವಿನ ಕಂಬಗಳನ್ನು ಉರುಳಿಸಿದ ಗಾಳಿ ಹವ್ಯಾಸಿಯ ಹತ್ತು ಮೀಟರಿನ ಕಂಬಕ್ಕೆ ರಿಯಾಯಿತಿ ತೋರಿಸುವುದಿಲ್ಲ.

ಕನ್ನಡನಾಡಿನ ಹವ್ಯಾಸಿಗಳಿಗೆ ಈ ನೆಲದ ವಿಚಾರ ವಿಶೇಷವಾಗಿ ಒಪ್ಪುತ್ತದೆ. ನೆಲವೆಂದರೆ ಇಲ್ಲಿ ಒಂದೇ ಬಗೆಯಲ್ಲ. ಉತ್ತರದ ಎರೆಭೂಮಿ ಮಳೆಗಾಲದಲ್ಲಿ ನೀರನ್ನು ಹಿಡಿದುಕೊಂಡು ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡುತ್ತದೆ. ಬೇಸಗೆಯಲ್ಲಿ ಬಿರಿದು ಮೊಗ ತಿರುಗಿಸುತ್ತದೆ. ಬಯಲುಸೀಮೆಯ ಕಲ್ಲುಬೆರೆತ ಕೆಂಪುನೆಲ ಎಂದೂ ಜಿಪುಣವೇ. ಕರಾವಳಿಯವನ ಅದೃಷ್ಟ ಬೇರೆ. ಉಪ್ಪುನೀರು ಸಾಮಾನ್ಯ ಮಣ್ಣಿಗಿಂತ ಸಾವಿರ ಪಟ್ಟಿನಷ್ಟು ಉತ್ತಮ ವಾಹಕ. ಕಡಲಂಚಿನಲ್ಲಿ ನಿಂತ ಕಂಬದ ಧ್ವನಿ ನೀರಿನ ಮೇಲೆ ಬಾಗಿ ಬಹುದೂರ ಹೋಗುತ್ತದೆ. ಒಂದೇ ಯಂತ್ರ, ಒಂದೇ ಕಂಬ, ಒಂದೇ ಕೇಬಲ್ಲು. ಆದರೂ ಊರು ಬದಲಾದರೆ ಫಲ ಬದಲಾಗುತ್ತದೆ. ಬೇಸಾಯಗಾರನು ಬೀಜಕ್ಕೆ ಮೊದಲು ಮಣ್ಣನ್ನು ನೋಡುವಂತೆ ರೇಡಿಯೋಗಾರನೂ ನೋಡಬೇಕು.

ಗ್ರೀನಿಚ್ಚಿನಲ್ಲಿ ೧ ಬಿಸಿಜಿ ಇದ್ದ ಜಾಗದ ಬಳಿ ೧೯೫೦ರಲ್ಲಿ ಒಂದು ಸ್ಮಾರಕದ ಕಲ್ಲನ್ನು ನಿಲ್ಲಿಸಲಾಯಿತು. ಅದರ ಮೇಲೆ ಆರು ಗೆಳೆಯರ ಹೆಸರುಗಳಿವೆ. ಅವರ ಕೇಂದ್ರವು ಪರೀಕ್ಷೆಗೆಂದು ಕಟ್ಟಿದ್ದು. ಆ ಪಂಜರದ ಏರಿಯಲ್ಲಿಗೂ ಅದರ ಕೆಳಗಿನ ಅರತಂತಿಗಳಿಗೂ ಇಂದು ಆ ಕಲ್ಲೇ ಗುರುತು. ಆರ್‌ಡ್ರಾಸನ್ನಿನ ಡೇರೆ ಅಂದೇ ಬಿಚ್ಚಿಹೋಯಿತು. ಆದರೂ ಪ್ರತಿ ರಾತ್ರಿ ಜಗತ್ತಿನ ಯಾವುದೋ ಅಂಗಳದಲ್ಲಿ, ಮಂಡಿಯೂರಿ ಕುಳಿತ ಒಬ್ಬ ಹವ್ಯಾಸಿ, ಟಾರ್ಚಿನ ಬೆಳಕಿನಲ್ಲಿ, ಹುಲ್ಲಿನ ನಡುವೆ ಹದಿನೇಳನೆಯ ತಂತಿಯನ್ನು ನೆಲಕ್ಕೆ ಒತ್ತುತ್ತಿರುತ್ತಾನೆ. ಮರುದಿನ ಬಂದ ನೆಂಟರು ಕಂಬದ ತುದಿಯನ್ನು ನೋಡಿ, ‘ಎಷ್ಟು ಅಡಿ ಎತ್ತರ?’ ಎಂದು ಕೇಳುತ್ತಾರೆ. ಮಂಡಿಗೆ ಹತ್ತಿದ ಮಣ್ಣನ್ನು ಒರೆಸಿಕೊಳ್ಳುತ್ತ ಅವನು ಎತ್ತರವನ್ನಷ್ಟೇ ಹೇಳುತ್ತಾನೆ.